ಗೋಂದು ಸಾರ್ ಹೆಸರಿದ್ದ ಸಾಲು

ದೀಪ ಆರಿಸಬೇಡಿ, ಇರಲಿ. ನಡುವೆ ನೀರು ಬೇಕು, ಹೊದಿಕೆ ಬೇಕು ಅಂತ ಯಾರೂ ಏಳಬಾರದು. ಈಗಷ್ಟೇ ಹೊಟ್ಟೆ ಬಿರಿಯೋ ಹಾಗೆ ಉಂಡವರು ಸ್ವಲ್ಪ ಗೋಡೆ ಕಡೆ ಸರಿದು ಕೂತ್ಕೊಳ್ಳಿ... ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ.

ಇದು ನಮ್ಮ ಕುಳ್ಳಿಗೆ ಆದದ್ದು. ಕುಳ್ಳಿ ಅಂದ್ರೆ ನನ್ನ ಚಿಕ್ಕಮ್ಮನ ಮಗಳು, ನನ್ನ ಹಾಗೇ ನಿಮಗೆಲ್ಲ ಅತ್ತೆ ಆಗಬೇಕು. ಈಗ ದಪ್ಪಗೆ ದುಂಡಗೆ ಇದ್ದಾಳೆ. ಆಗ ಕಡ್ಡಿ ಥರ ಇದ್ದಳು. ನಾವಿಬ್ಬರೂ ಒಂದೇ ಬಾಡಿಗೆ ಕೋಣೆಯಲ್ಲಿದ್ವಿ. ಅವಳಿಗೆ ಒಂದು ದೊಡ್ಡ ಆಸ್ಪತ್ರೆಯ ಬ್ಲಡ್ ಬ್ಯಾಂಕಿನಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಿತ್ತು. ಹಗಲೆಲ್ಲ ಅಲ್ಲಿ ರಕ್ತ ಕೊಡೋರು, ರಕ್ತ ಒಯ್ಯೋರು. ಆಗ ಪ್ರೋಗ್ರಾಮುಗಳನ್ನ ಮುಟ್ಟೋ ಹಾಗಿಲ್ಲ. ಬೆಳಿಗ್ಗೆಯೇ ಹೋದ್ರೂ ಕೌಂಟರ್ ಮುಚ್ಚಿದ ಮೇಲೇ ಅವಳ ನಿಜವಾದ ಕೆಲಸ ಶುರು.

ಮೊದಲನೇ ರಾತ್ರಿ ಕೆಲಸ ಮುಗಿಸಿ ಹೊರಟಾಗ ಹನ್ನೊಂದೂವರೆ. ಹಿಂದಿನ ಗೇಟಿನಿಂದ ಬಂದ್ರೆ ನಮ್ಮ ಕೋಣೆ ಹತ್ತಿರ. ಆದ್ರೆ ಆ ದಾರಿಯಲ್ಲಿ ಒಂದು ಬಾವಿ ಇದೆ. ಎಷ್ಟೋ ವರ್ಷದಿಂದ ನೀರು ಸೇದಿದವರಿಲ್ಲ. ಮೇಲೆ ಕಬ್ಬಿಣದ ಜಾಲರಿ, ಅದಕ್ಕೊಂದು ಬೀಗ. ಜಾಲರಿಯ ಸಂದಿಯಿಂದ ಯಾರ್‍ಯಾರೋ ಕೈಗವಸು, ಹತ್ತಿ, ಬ್ಯಾಂಡೇಜು ಎಸೆದು ಎಸೆದು... ಆ ವಾಸನೆ! ಇಲಿ ಸತ್ತ ಮೂಲೆಯಲ್ಲಿ ಯಾರೋ ಫಿನಾಯಿಲ್ ಸುರಿದ ಹಾಗೆ ಅಂತಿದ್ದಳು ಕುಳ್ಳಿ.

ದುಪಟ್ಟಾ ಮೂಗಿಗೆ ಒತ್ತಿಕೊಂಡು ಬಿರಬಿರನೆ ನಡೀತಿದ್ದಳು. ಬಾವಿಕಟ್ಟೆ ಪಕ್ಕಕ್ಕೆ ಬಂದಳು.

ಬುಳಕ್...

ಕಲ್ಲು ಬಿದ್ದ ಸದ್ದಲ್ಲ. ಕೆಳಗಿನಿಂದ ಗುಳ್ಳೆ ಎದ್ದು ಒಡೆದ ಸದ್ದು. ನಿಂತಳು.

ಆಮೇಲೆ... ಚಪ್. ಸ್ವಲ್ಪ ಹೊತ್ತು ಏನಿಲ್ಲ. ಮತ್ತೆ... ಚಪ್. ಅಂಟು ಮೆತ್ತಿದ ಬೆರಳನ್ನ ಒಂದೊಂದಾಗಿ ಎಳೆದು ಬಿಡಿಸಿಕೊಂಡ್ರೆ ಬರುತ್ತಲ್ಲ, ಆ ಥರ.

"ನಿಲ್ಲಬೇಡಮ್ಮ."

ಬೆಚ್ಚಿಬಿದ್ದಳು. ನೋಡಿದ್ರೆ ಗೇಟಿನ ಕಾವಲು ತಾತ. ಟಾರ್ಚ್ ಹಿಡಿದಿದ್ದಾನೆ, ಹೊತ್ತಿಸಿಲ್ಲ.

"ತಾತ, ಒಳಗೆ ಏನೋ..."

"ಏನಿಲ್ಲ. ನೀರು."

"ಸದ್ದು ಬಂತು."

"ನಡಿ ಅಂದ್ನಲ್ಲ." ತಾತ ಅವಳಿಗೂ ಬಾವಿಗೂ ನಡುವೆ ಬಂದು ನಿಂತ. "ಮೂಗು ಮುಚ್ಕೊಂಡೇ ನಡಿ. ಅವನಿಗೆ ಬೇಜಾರಿಲ್ಲ... ಅಭ್ಯಾಸ ಆಗಿದೆ."

ಯಾರಿಗೆ ಅಂತ ಕೇಳೋಷ್ಟರಲ್ಲಿ ಕುಳ್ಳಿ ಗೇಟು ದಾಟಿದ್ದಳು. ಕಾಲು ಕೇಳೋದಕ್ಕೆ ಬಿಡಲಿಲ್ಲ.

ಈಗ ಅವಳ ಕೆಲಸ ಏನು ಅಂತ ಹೇಳ್ತೀನಿ. ನನಗೂ ಅವಳು ಹೇಳಿದಷ್ಟೇ ಗೊತ್ತು. ರಕ್ತದ ಚೀಲಗಳ ಲೆಕ್ಕವೆಲ್ಲ, ಯಾವ ಗುಂಪು, ಯಾವತ್ತು ತೆಗೆದದ್ದು, ಪರೀಕ್ಷೆ ಆಗಿದೆಯೋ ಇಲ್ಲವೋ, ಎಲ್ಲ ಒಂದು ಡೇಟಾಬೇಸಿನಲ್ಲಿರುತ್ತೆ. ಅದನ್ನ ನೋಡೋಕೆ, ಬರೆಯೋಕೆ, ಚೀಲಕ್ಕೆ ಅಂಟಿಸೋ ಲೇಬಲ್ ಮುದ್ರಿಸೋಕೆ ಇಪ್ಪತ್ತೇಳು ಪ್ರೋಗ್ರಾಮು. ಪ್ರತಿ ಪ್ರೋಗ್ರಾಮೂ ಡೇಟಾಬೇಸಿನ ಬಾಗಿಲಿಗೆ ಹೋಗಿ ಒಂದು ಸಾಲು ಹೇಳಬೇಕು. ಕನೆಕ್ಷನ್ ಸ್ಟ್ರಿಂಗ್ ಅಂತಾರೆ. ಲೆಕ್ಕ ಇಟ್ಟಿರೋ ಯಂತ್ರ, ಅಂದ್ರೆ ಸರ್ವರ್, ಯಾವುದು, ಯಾವ ಡೇಟಾಬೇಸ್, ಒಳಗೆ ಬರ್ತಿರೋನು ಯಾರು, ಅವನ ಪಾಸ್‌ವರ್ಡ್ ಏನು. ಇಷ್ಟನ್ನೂ ಒಂದರ ಪಕ್ಕ ಒಂದು ಬರೆದು, ನಡುವೆ ಅರ್ಧವಿರಾಮ ಹಾಕಿದ ಒಂದೇ ಸಾಲು. ಸಾಲು ಸರಿಯಿದ್ರೆ ಬಾಗಿಲು ತೆಗೆಯುತ್ತೆ. ಹೇಳಿದವನು ಬದುಕಿದ್ದಾನೋ ಸತ್ತಿದ್ದಾನೋ ಅಂತ ಅದು ಕೇಳೋದಿಲ್ಲ.

ಆ ಇಪ್ಪತ್ತೇಳು ಪ್ರೋಗ್ರಾಮಿನಲ್ಲೂ ಇದ್ದದ್ದು ಸತ್ತವನ ಹೆಸರು.

ಅವಳಿಗಿಂತ ಮೊದಲು ಆ ಕುರ್ಚಿಯಲ್ಲಿದ್ದವರು ಅವರು. ಎಲ್ಲರೂ ಗೋಂದು ಸಾರ್ ಅಂತಿದ್ರಂತೆ. ಕೈ ಬೆವರೋ ಮನುಷ್ಯ. ಅದರ ಮೇಲೆ ದಿನವಿಡೀ ಲೇಬಲ್ ಪ್ರಿಂಟರು ಬಿಚ್ಚೋದು, ಸಿಕ್ಕಿಕೊಂಡ ಲೇಬಲ್ ಕೀಳೋದು, ಬೆರಳ ತುಂಬ ಅಂಟು. ಅದೇ ಬೆರಳಲ್ಲಿ ಕೀಲಿಮಣೆ ಕುಟ್ಟೋದು. ತಮ್ಮದೇ ಹೆಸರು, ತಮ್ಮದೇ ಪಾಸ್‌ವರ್ಡನ್ನ ಎಲ್ಲಾ ಪ್ರೋಗ್ರಾಮಿಗೂ ಕೈಯಾರೆ ಬರೆದಿಟ್ಟಿದ್ರು. ಸೋಮಾರಿತನ ಅನ್ನಿ, ಪೆದ್ದುತನ ಅನ್ನಿ. ಫೈಲು ತೆಗೆದು ನೋಡಿದವರಿಗೆಲ್ಲ ಕಾಣುತ್ತೆ.

ಅವರು ಹೋದ ಮೇಲೆ ಹೊಸ ಸರ್ವರ್ ತಂದ್ರಂತೆ. ತಂದುಕೊಟ್ಟವರು ಸಾಲಿನ ಮೊದಲ ಭಾಗ, ಸರ್ವರಿನ ಹೆಸರು ಮಾತ್ರ ಬದಲಾಯಿಸಿ ಕೈ ತೊಳೆದುಕೊಂಡ್ರು. ಆಸ್ಪತ್ರೆಯ ಮೇಲಿನವರಿಂದ ಕುಳ್ಳಿಗೆ ಬಂದ ಆಜ್ಞೆ: ಹೆಸರು, ಪಾಸ್‌ವರ್ಡು ಕೋಡಿನಲ್ಲಿ ಇರಕೂಡದು. ಅವಳು ಜಾಣೆ. ತುಂಡುಗಳನ್ನೆಲ್ಲ ಬೇರೆ ಒಂದು ಫೈಲಿನಲ್ಲಿ ಬೀಗ ಹಾಕಿಟ್ಟಳು. ಪ್ರೋಗ್ರಾಮು ಬೇಕಾದಾಗ ಅವನ್ನ ತಗೊಂಡು ಸಾಲು ತಾನೇ ಕಟ್ಟಿಕೊಳ್ಳಬೇಕು. ಒಂದೊಂದು ಪ್ರೋಗ್ರಾಮಿಗೂ ಅದರದೇ ಹೆಸರು.

ಕೆಲಸ ಕಷ್ಟ ಆಗಲಿಲ್ಲ. ಕಷ್ಟ ಆದದ್ದು ಆ ಕೀಲಿಮಣೆ. ಥೂ... ನೆನೆಸಿಕೊಂಡ್ರೆ ನನ್ನ ಮೈಯೇ ಜುಂ ಅನ್ನುತ್ತೆ. ಒತ್ತಿದ ಕೀಲಿ ಬೆರಳಿಗೆ ಅಂಟಿಕೊಂಡೇ ಮೇಲೆ ಬರೋದಂತೆ. ಸಂದಿಯಲ್ಲಿ ಕೂದಲು, ಉಗುರಿನ ಚೂರು, ಅಂಟಿಗೆ ಸಿಕ್ಕಿ ಸತ್ತ ಇರುವೆ ಸಾಲು. ಸ್ಪಿರಿಟಿನಲ್ಲಿ ಹತ್ತಿ ಅದ್ದಿ ಒರೆಸಿದಳು. ಹತ್ತಿ ಕಂದುಬಣ್ಣಕ್ಕೆ ತಿರುಗಿತು. ಐದು ಉಂಡೆ ಹತ್ತಿ ಖರ್ಚಾಯ್ತು. ಮಾರನೇ ದಿನ ಮುಟ್ಟಿದ್ರೆ ಮತ್ತೆ ಅಂಟು.

"ಎಂಥಾ ಕೊಳಕು ಮನುಷ್ಯ ಅಕ್ಕ! ಸತ್ತ ಮೇಲೂ ಬಿಟ್ಟಿಲ್ಲ" ಅಂತ ನನ್ನ ಮುಂದೆ ಬೈತಾ ಸೋಪು ಹಚ್ಚಿ ಹಚ್ಚಿ ಕೈ ತಿಕ್ಕುತ್ತಿದ್ದಳು. ನಾನೂ ನಕ್ಕಿದ್ದೆ.

ಇಪ್ಪತ್ತೇಳನ್ನೂ ಬದಲಾಯಿಸಿ ಮುಗಿಸಿದ ಮಾರನೇ ಬೆಳಿಗ್ಗೆ ಹೋದಾಗ, ಲೇಬಲ್ ಪ್ರಿಂಟರಿನ ಬಾಯಲ್ಲಿ ಒಂದು ಲೇಬಲ್ ನೇತಾಡ್ತಿತ್ತು. ರಾತ್ರಿ ಯಾರೂ ಮುದ್ರಿಸಿಲ್ಲ. ಅಂಟಿನ ಕಡೆಯ ಮೇಣದ ಕಾಗದ ಸುಲಿದಿದೆ, ಆ ಅಂಟಿನ ಮೇಲೆ ಕಪ್ಪಗೆ ಲೋಳೆ. ಅದೇ ಬಾವಿಯ ವಾಸನೆ. ಚೀಲ ನಾಲ್ಕು ಸಾವಿರದ ನಾನೂರ ಹದಿನೇಳು. ಕೆಳಗೆ ದಪ್ಪಕ್ಷರದಲ್ಲಿ, ಎಸೆಯಬೇಕು.

ಲ್ಯಾಬಿನಲ್ಲಿ ಒಬ್ಬ ವಯಸ್ಸಾದ ನರ್ಸಮ್ಮ ಇದ್ರು. ಅವರಿಗೆ ತೋರಿಸಿದಳು. ನಂಬರು ನೋಡ್ತಿದ್ದ ಹಾಗೇ ಅವರ ಮುಖ ಬಿಳುಚಿಕೊಂಡಿತು. ಬಾಗಿಲು ಓರೆ ಮಾಡಿ ಬಂದ್ರು.

"ಇದನ್ನ ಯಾರು ತೆಗೆದ್ರು?"

"ಗೊತ್ತಿಲ್ಲಮ್ಮ. ತಾನೇ ಬಂದಿದೆ."

"ಮೆಲ್ಲಗೆ ಮಾತಾಡು." ಕುಳ್ಳಿಯ ಕೈ ಹಿಡಿದ್ರು. "ಈ ಚೀಲ ಒಬ್ಬ ಬಾಣಂತಿಗೆ ಹೋಯ್ತು ಕಣೆ. ಮಗು ಹುಟ್ಟಿ ಒಂದು ದಿನ ಆಗಿತ್ತು. ಹಿಂದಿನ ರಾತ್ರಿ ಫ್ರಿಡ್ಜ್ ಕೆಟ್ಟಿತ್ತು. ಒಳಗಿದ್ದದ್ದನ್ನೆಲ್ಲ ಎಸೆಯಬೇಕಿತ್ತು. ಎಸೀಲಿಲ್ಲ. ಯಾರೋ ಪರೀಕ್ಷೆ ಮಾಡಿದೆ, ಸರಿಯಿದೆ ಅಂತ ಕಂಪ್ಯೂಟರಿಗೆ ಹಾಕಿದ್ರು. ಆ ಕೆಟ್ಟ ರಕ್ತ ಮೈಗೆ ಹೋಗಿ... ಎರಡೇ ದಿನ. ನಡುಗಿ ನಡುಗಿ ಹೋಗಿಬಿಟ್ಟಳು."

"ಯಾರು ಹಾಕಿದ್ದು?"

"ಗೋಂದು ಸಾರ್ ಹೆಸರಿತ್ತು. ನಾನಲ್ಲ, ನಾನಲ್ಲ ಅಂತ ಒಬ್ಬೊಬ್ಬರ ಕೈ ಹಿಡಿದು ಹೇಳಿದ್ರು. ಆ ಅಂಟು ಕೈ... ನಾನೂ ಕೊಸರಿಕೊಂಡೆ. ಇಪ್ಪತ್ತು ದಿನ ಆದ ಮೇಲೆ ಬಾವಿಯಲ್ಲಿ ಸಿಕ್ರು. ಕಾಲು ಜಾರಿತು ಅಂದ್ರು. ಆಗಿನ್ನೂ ಜಾಲರಿ ಹಾಕಿರಲಿಲ್ಲ."

ಕುಳ್ಳಿ ಸೀದಾ ಬಂದು ಕಂಪ್ಯೂಟರಿನಲ್ಲಿ ಆ ಚೀಲ ಹುಡುಕಿದಳು. ಅಲ್ಲಿ 'ಪರೀಕ್ಷಿಸಿದೆ, ಸರಿಯಿದೆ' ಅಂತಿದೆ. ಯಾರು ಅನ್ನೋ ಕಡೆ ಗೋಂದು ಸಾರ್ ಹೆಸರು. ಯಾವ ಕಂಪ್ಯೂಟರಿನಿಂದ ಅನ್ನೋ ಮನೆ ಖಾಲಿ. ಹಾಗಾದ್ರೆ 'ಎಸೆಯಬೇಕು' ಅನ್ನೋದನ್ನ ಲೇಬಲ್ ಪ್ರೋಗ್ರಾಮು ಎಲ್ಲಿಂದ ಓದಿತು?

ಕೋಡು ತೆಗೆದು ನೋಡಿದಳು. ಇಪ್ಪತ್ತಾರು ಪ್ರೋಗ್ರಾಮು ಅವಳು ಬಿಟ್ಟ ಹಾಗೇ ಇವೆ. ಲೇಬಲ್ ಪ್ರೋಗ್ರಾಮಿನಲ್ಲಿ ಮಾತ್ರ, ಸಾಲು ಕಟ್ಟೋದೆಲ್ಲ ಮುಗಿದ ಮೇಲೆ ಇನ್ನೊಂದು ಸಾಲು ಸೇರಿಕೊಂಡಿದೆ. ಕಟ್ಟಿದ ಸ್ಟ್ರಿಂಗಿನಲ್ಲಿ ಸರ್ವರ್ ಇದ್ದ ಜಾಗಕ್ಕೆ ಹಳೇ ಸರ್ವರಿನ ಹೆಸರು. ಬಳಕೆದಾರ ಇದ್ದ ಜಾಗಕ್ಕೆ ಗೋಂದು ಸಾರ್. ಅವಳು ಬರೆದದ್ದಲ್ಲ. ಯಾರೋ ಕೀಟಲೆ ಮಾಡಿದ್ದಾರೆ ಅಂದುಕೊಂಡು ಅಳಿಸಿದಳು. ಮಾರನೇ ಬೆಳಿಗ್ಗೆ ಅದೇ ಸಾಲು, ಅದೇ ಲೇಬಲ್, ಅದೇ ಲೋಳೆ. ಅದರ ಮಾರನೇ ದಿನವೂ.

ಮೂರನೇ ಸಲ ಆದ ಮೇಲೆ ಅಲ್ಲಿಯ ಮುಖ್ಯಸ್ಥನ ಹತ್ತಿರ ಹೋದಳು. ಅವನಿಗೆ ಅವಳು ಇಟ್ಟಿದ್ದ ಹೆಸರು ಬಿಳಿಕೋಟು. ಇಸ್ತ್ರಿ ಮುರಿಯದ ಕೋಟು, ಗಮಗಮ ಸೆಂಟು. ಇಡೀ ಬ್ಲಡ್ ಬ್ಯಾಂಕಿನಲ್ಲಿ ಅವನಷ್ಟು ಚೊಕ್ಕ ಮನುಷ್ಯ ಇಲ್ಲ ಅಂತ ಮೊದಮೊದಲು ಹೊಗಳಿದ್ದಳು. ಅವತ್ತು ಹೋದಾಗ ಅವನು ಉಗುರು ಕತ್ತರಿಸ್ತಾ ಕೂತಿದ್ದ. ಕಟಕ್... ಕಟಕ್... ಬಿದ್ದ ಚೂರನ್ನೆಲ್ಲ ಒಂದು ಲೇಬಲ್ಲಿನ ಅಂಟಿಗೆ ಸಾಲಾಗಿ ಮೆತ್ತುತ್ತಿದ್ದ. ಅವಳನ್ನ ನೋಡಿಯೂ ನಿಲ್ಲಿಸಲಿಲ್ಲ.

"ಸಾರ್, ಲೇಬಲ್ ಪ್ರೋಗ್ರಾಮಿನಲ್ಲಿ ಹಳೇ ಸಾರ್ ಹೆಸರು ಮತ್ತೆ ಮತ್ತೆ ಬರ್ತಿದೆ."

"ಬರಲಿ ಬಿಡಮ್ಮ."

"ತೆಗೀಬೇಕು ಅಂತ ಆಜ್ಞೆ ಇದೆಯಲ್ಲ ಸಾರ್."

"ಒಂದೆರಡು ಕಡೆ ಇಟ್ಟಿರು." ಕಿರುಬೆರಳ ಉಗುರನ್ನ ಕಿವಿಗೆ ಹಾಕಿ ತಿರುವಿದ. ತೆಗೆದು ನೋಡಿದ. ಮೇಜಿನ ಅಡಿಗೆ ಒರೆಸಿದ. "ನಾಳೆ ಏನಾದ್ರೂ ಎಡವಟ್ಟಾದ್ರೆ ತೋರಿಸೋಕೆ ಒಂದು ಹೆಸರು ಬೇಕಲ್ವಾ? ಸತ್ತವನಿಗೇನು ನಷ್ಟ? ಬಂದು ಕೇಳ್ತಾನಾ?" ಅಂತ ನಕ್ಕ.

ಆ ನಗು ನೋಡಿ ಅವಳಿಗೆ ಹೇಸಿಗೆ ಆಯ್ತಂತೆ. ಕೀಲಿಮಣೆ ನೋಡಿದಾಗಲೂ ಅಷ್ಟು ಆಗಿರಲಿಲ್ಲವಂತೆ.

"ಮತ್ತೆ ನೋಡು," ಅಂದ, "ಹಳೇ ಸರ್ವರ್ ಪಳೇ ಸರ್ವರ್ ಅಂತ ಕೆದಕೋಕೆ ಹೋಗಬೇಡ. ನಿನ್ನ ಕೆಲಸ ಎಷ್ಟೋ ಅಷ್ಟು."

ಹೆದರಿಸೋ ದನಿಯಲ್ಲಿ ಹೇಳಲಿಲ್ಲ ಅವನು. ಅಕ್ಕರೆಯಿಂದ ಹೇಳಿದ. ಅದಕ್ಕೇ ಅವಳಿಗೆ ಇನ್ನಷ್ಟು ಅಸಹ್ಯ.

ಅವತ್ತು ರಾತ್ರಿ ಅವಳು ಕಾಯೋದು ಅಂತ ತೀರ್ಮಾನ ಮಾಡಿದಳು. ನನಗೆ ಫೋನು ಮಾಡಿ, "ಅಕ್ಕ, ಬಾಗಿಲು ಹಾಕ್ಕೊಂಡು ಮಲಗು, ನನ್ನ ಹತ್ತಿರ ಬೀಗದಕೈ ಇದೆ" ಅಂದಳು. ನಾನು ಮಲಗಲಿಲ್ಲ.

ಒಂದು ಗಂಟೆ ದಾಟಿತು. ಫ್ರಿಡ್ಜುಗಳು ಗುಂಯ್ ಅಂತಿವೆ. ಲೇಬಲ್ ಪ್ರೋಗ್ರಾಮಿನ ಕೋಡು ತೆರೆದಿಟ್ಟು, ಕುರ್ಚಿಯನ್ನ ಎರಡು ಮಾರು ಹಿಂದಕ್ಕೆ ಎಳೆದುಕೊಂಡು ಕೂತಿದ್ದಾಳೆ. ಕೈ ಎರಡೂ ಕಂಕುಳಲ್ಲಿ.

ಫ್ರಿಡ್ಜಿನ ಸದ್ದು ನಿಂತಿತು. ಎಲ್ಲಾ ಒಟ್ಟಿಗೆ.

ವಾಸನೆ ಮೊದಲು ಬಂತು. ಬಾಗಿಲ ಸಂದಿಯಿಂದ ನೆಲದ ಮೇಲೇ ತೆವಳಿಕೊಂಡು ಬಂದ ಹಾಗೆ, ಕಾಲಿಗೆ ತಣ್ಣಗೆ ತಾಗಿತಂತೆ. ನಾಲಿಗೆಯ ಮೇಲೆ ಕೂತಿತಂತೆ.

ಚಪ್...

ಕೀಲಿಮಣೆಯಲ್ಲಿ ಒಂದು ಕೀಲಿ ಕೆಳಗೆ ಹೋಯ್ತು. ಮೇಲೆ ಬರುವಾಗ ನೂಲಿನ ಹಾಗೆ ಏನೋ ಎಳೆ ಎದ್ದು, ತುಂಡಾಯ್ತು.

ಚಪ್... ಚಪ್...

ಪರದೆಯ ಮೇಲೆ ಒಂದೊಂದೇ ಅಕ್ಷರ. ಸರ್ವರ್, ಸಮಚಿಹ್ನೆ, ಹಳೇ ಸರ್ವರಿನ ಹೆಸರು. ಅರ್ಧವಿರಾಮ. ಡೇಟಾಬೇಸು. ಅರ್ಧವಿರಾಮ. ಬಳಕೆದಾರ... ಗೋಂದು ಸಾರ್ ನಿಜವಾದ ಹೆಸರು. ಎಲ್ಲೂ ಒಂದು ತಪ್ಪಿಲ್ಲ. ರೂಢಿ ಇರೋ ಕೈ.

ಪಾಸ್‌ವರ್ಡ್ ಜಾಗಕ್ಕೆ ಬಂದಾಗ ನಿಂತಿತು. ತುಂಬಾ ಹೊತ್ತು ನಿಂತಿತು. ಆಮೇಲೆ, ಇಂಗ್ಲಿಷ್ ಅಕ್ಷರದಲ್ಲಿ ಒಂದು ಕನ್ನಡ ಮಾತು.

ನಾನಲ್ಲ.

ಅವಳಿಗೆ ಓಡಿಬಿಡಬೇಕು ಅನ್ನಿಸಿತಂತೆ. ಓಡಲಿಲ್ಲ. ನಾನು ಕೇಳಿದೆ, ಯಾಕೆ ಓಡಲಿಲ್ಲ ಕಣೆ ಅಂತ. "ಹೆದರಿಕೆಗಿಂತ ಹೇಸಿಗೆ ಜಾಸ್ತಿ ಇತ್ತು ಅಕ್ಕ" ಅಂದಳು. "ವಾಸನೆಯ ಮೇಲೆ ಅಲ್ಲ. ಆ ಉಗುರು ಕತ್ತರಿಸ್ತಿದ್ದವನ ಮೇಲೆ. ನನ್ನ ಮೇಲೂ. ನಾನೂ ಥೂ ಅಂದಿದ್ದೆನಲ್ಲ."

ಕುರ್ಚಿ ಮುಂದಕ್ಕೆ ಎಳೆದಳು. ಆ ಕೀಲಿಮಣೆಯ ಮೇಲೆ ಕೈ ಇಟ್ಟಳು. ಬಿಸಿ ಆರದ ಅಂಟು, ಬೆರಳ ಸಂದಿಯವರೆಗೂ ಬಂತು. ಪಕ್ಕದಲ್ಲಿ ಯಾರೋ ನಿಂತು ಬಗ್ಗಿ ಪರದೆ ನೋಡ್ತಿರೋ ಹಾಗೆ, ಬಲಗೆನ್ನೆಯ ಹತ್ತಿರ ತೇವ. ಉಸಿರಿಲ್ಲ, ಬರೀ ತೇವ. ಒಂದು ಹನಿ ಅವಳ ಮಣಿಕಟ್ಟಿನ ಮೇಲೆ ಬಿತ್ತು.

"ಸಾರ್..." ಅಂದಳು. "ನೋಡ್ತೀನಿ ಸಾರ್."

ಪ್ರೋಗ್ರಾಮು ಓಡಿಸಿದಳು. ಅಂಥ ಪಾಸ್‌ವರ್ಡಿಗೆ ಯಾವ ಡೇಟಾಬೇಸೂ ಬಾಗಿಲು ತೆಗೆಯೋದಿಲ್ಲ. ತೆಗೆಯಿತು.

ಆ ಚೀಲದ ಚರಿತ್ರೆ ಪೂರ್ತಿ ಅಲ್ಲಿತ್ತು. ರಾತ್ರಿ ಫ್ರಿಡ್ಜ್ ಕೆಟ್ಟ ಮೇಲೆ 'ಎಸೆಯಬೇಕು' ಅಂತ ಬರೆದದ್ದು ಗೋಂದು ಸಾರ್, ತಮ್ಮ ಕಂಪ್ಯೂಟರಿನಿಂದ. ಬೆಳಿಗ್ಗೆ ಆರು ಹನ್ನೆರಡಕ್ಕೆ ಅದನ್ನ ತಿದ್ದಿ 'ಪರೀಕ್ಷಿಸಿದೆ, ಸರಿಯಿದೆ' ಅಂತ ಮಾಡಿದ್ದು... ಹೆಸರು ಗೋಂದು ಸಾರ್‌ದೇ. ಆದ್ರೆ ಹೊಸ ಸರ್ವರಿನಲ್ಲಿ ಖಾಲಿಯಿದ್ದ ಮನೆ ಇಲ್ಲಿ ಖಾಲಿ ಇರಲಿಲ್ಲ. ಯಾವ ಕಂಪ್ಯೂಟರ್? ಮುಖ್ಯಸ್ಥರ ಕೋಣೆ. ಆ ಒಂದು ಚೀಲವಲ್ಲ, ಅವತ್ತು ಹನ್ನೊಂದು ಚೀಲ. ಒಂದೊಂದಕ್ಕೂ ಅರ್ಧ ನಿಮಿಷ. ರಕ್ತದ ಚೀಲ ಎಸೆದ್ರೆ ಮೇಲಿನವರು ಫ್ರಿಡ್ಜ್ ಯಾಕೆ ರಿಪೇರಿ ಮಾಡಿಸಿರಲಿಲ್ಲ ಅಂತ ಕೇಳ್ತಿದ್ರು. ಅಷ್ಟಕ್ಕೆ. ಅಷ್ಟಕ್ಕೆ ಒಬ್ಬ ಬಾಣಂತಿಯ ಮೈಗೆ ಕೊಳೆತ ರಕ್ತ ಇಳಿಸಿ, ಪಾಪದವನ ಹೆಸರು ಬರೆದು, ಕೋಟಿನ ಗುಂಡಿ ಹಾಕಿಕೊಂಡು ಮನೆಗೆ ಹೋಗಿದ್ದಾನೆ ಪುಣ್ಯಾತ್ಮ.

ಝ್ರ್ರ್ರ್... ಟಕ್. ಝ್ರ್ರ್ರ್... ಟಕ್. ಅವಳು ಮುದ್ರಿಸು ಅಂತ ಒತ್ತಿದಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಹನ್ನೊಂದು ಲೇಬಲ್ ಬಂದ್ವು. ಪೂರ್ತಿ ಚರಿತ್ರೆ, ಯಂತ್ರದ ಹೆಸರು, ಸಮಯ. ಈ ಸಲ ಯಾವುದರ ಮೇಲೂ ಲೋಳೆ ಇರಲಿಲ್ಲ.

ಫ್ರಿಡ್ಜುಗಳು ಮತ್ತೆ ಗುಂಯ್ ಅಂದ್ವು. ಅವಳು ಪರದೆಯ ಫೋಟೋ ತೆಗೆದಳು. ಕಸದ ಬುಟ್ಟಿ ಎಳೆದುಕೊಂಡು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿದಳು.

ಅವಳು ಮನೆಗೆ ಬಂದಾಗ ನಾನೇ ಬಾಗಿಲು ತೆಗೆದೆ. ಬೆಳ್ಳಗೆ ಸುಣ್ಣದ ಹಾಗಿದ್ದಳು. ಸೋಪು ಕೊಟ್ಟೆ. ಬೇಡ ಅಂದಳು. ಮಣಿಕಟ್ಟಿನ ಮೇಲಿನ ಕರೆ ತೊಳೆಯದೇ ಮಲಗಿದಳು.

ಮಾರನೇ ದಿನ ನರ್ಸಮ್ಮನ ಹತ್ತಿರ ಆ ಬಾಣಂತಿಯ ಗಂಡನ ವಿಳಾಸ ಕೇಳಿಕೊಂಡು, ನನ್ನನ್ನೂ ಕರೆದುಕೊಂಡು ಹೋದಳು. ಅವನೊಬ್ಬ ಬಡಗಿ. ಮಗು ಅವನ ತೊಡೆಯ ಮೇಲಿತ್ತು. ಲೇಬಲುಗಳನ್ನ ಒಂದೊಂದಾಗಿ ನೋಡಿದ. "ನಾನು ಆ ಗೋಂದು ಸಾರನ್ನ ಆಸ್ಪತ್ರೆ ಬಾಗಿಲಲ್ಲಿ ಎಲ್ಲರ ಮುಂದೆ ಉಗಿದಿದ್ದೆ ಅಕ್ಕಾ" ಅಂದ. "ಮುಖಕ್ಕೇ ಉಗಿದಿದ್ದೆ. ಒರೆಸಿಕೊಳ್ಳಲೂ ಇಲ್ಲ ಅವರು." ಆಮೇಲೆ ಲೇಬಲುಗಳನ್ನ ಜೋಡಿಸಿ ಜೇಬಿಗಿಟ್ಟುಕೊಂಡ. ದೂರು ಕೊಟ್ಟವನು ಅವನೇ.

ವಿಚಾರಣೆ ಕೂತಿತು. ಬಿಳಿಕೋಟು ಕೊನೆಯವರೆಗೂ, "ಹೆಸರು ನೋಡಿ, ಸತ್ತವನದೇ ಇದೆ" ಅಂತಲೇ ಸಾಧಿಸಿದ. ಬೆಳಿಗ್ಗೆ ಆರು ಹನ್ನೆರಡಕ್ಕೆ ನಿಮ್ಮ ಕೋಣೆಯ ಬೀಗದಕೈ ಯಾರ ಹತ್ತಿರ ಇತ್ತು ಅಂತ ಕೇಳಿದಾಗ ಕರವಸ್ತ್ರ ತೆಗೆದು ಬಾಯಿ ಒರೆಸಿಕೊಂಡ. ಕಾವಲು ತಾತ ಎದ್ದು ನಿಂತು, "ಅವರ ಹತ್ತಿರವೇ. ನಾನೇ ಗೇಟು ತೆಗೆದಿದ್ದೆ, ಆರಕ್ಕೆ" ಅಂದ. ಕೇಳಿದವರಿಲ್ಲ ಅಂತ ಅಷ್ಟು ದಿನ ಸುಮ್ಮನಿದ್ದನಂತೆ! ಕುಳ್ಳಿಗೆ ಅವನ ಮೇಲೂ ಹೇಸಿಗೆ ಆಯ್ತು. ಬಿಳಿಕೋಟಿನ ಕೆಲಸ ಹೋಯ್ತು, ಕೇಸಾಯ್ತು, ಜೈಲಿಗೂ ಹೋದ.

ಗೋಂದು ಸಾರ್ ಹೆಂಡತಿಗೆ ಆಸ್ಪತ್ರೆಯಿಂದ ಒಂದು ಕಾಗದ ಬಂತು, ನಿಮ್ಮ ಯಜಮಾನರದ್ದು ತಪ್ಪಿಲ್ಲ ಅಂತ. ಕುಳ್ಳಿಯೇ ಒಯ್ದು ಕೊಟ್ಟಳು. ಆಯಮ್ಮ ಓದಿಸಿಕೊಂಡು, "ಇದನ್ನ ನನಗೆ ಯಾಕೆ ಹೇಳ್ತಿದ್ದೀರಿ? ನನಗೆ ಗೊತ್ತಿತ್ತು" ಅಂತ ಬಾಗಿಲು ಹಾಕಿಕೊಂಡ್ರಂತೆ. ಆಯಮ್ಮನ ಮೇಲೆ ಕೋಪ ಬರಲಿಲ್ಲ ನಮಗೆ.

ಲೇಬಲ್ ಪ್ರೋಗ್ರಾಮಿನಲ್ಲಿ ಆ ಸಾಲು ಆಮೇಲೆ ಬರಲಿಲ್ಲ.

ಕತೆ ಇಷ್ಟೇ ಆಗಿದ್ರೆ, ಯಾರೋ ಒಳಗಿನವರೇ ಕುಳ್ಳಿಗೆ ದಾರಿ ತೋರಿಸಿದ್ರು, ಉಳಿದದ್ದು ಅವಳ ನಿದ್ದೆಗಣ್ಣಿನ ಭ್ರಮೆ ಅಂತ ನಾನೂ ಸುಮ್ಮನಿರ್ತಿದ್ದೆ. ಆದ್ರೆ ವಿಚಾರಣೆ ನಡೀತಿದ್ದಾಗ ಅಧಿಕಾರಿಗಳು ಆ ಹಳೇ ಸರ್ವರ್ ಎಲ್ಲಿದೆ ತೋರಿಸಿ ಅಂದ್ರು. ಸಾಕ್ಷಿಗೆ ಬೇಕಲ್ಲ. ಎಲ್ಲಾ ಕಡೆ ಹುಡುಕಿದ್ರು. ಕೊನೆಗೆ ಆಸ್ಪತ್ರೆಯ ಉಗ್ರಾಣದಲ್ಲಿ, ಮುರಿದ ಮಂಚಗಳ ಕೆಳಗೆ, ಅರಗಿನ ಮುದ್ರೆ ಒತ್ತಿದ ಒಂದು ಗೋಣಿಚೀಲದಲ್ಲಿ ಸಿಕ್ಕಿತು. ಮುದ್ರೆಯ ಮೇಲಿನ ತಾರೀಕು ಕುಳ್ಳಿ ಕೆಲಸಕ್ಕೆ ಸೇರೋದಕ್ಕಿಂತ ಎಂಟು ತಿಂಗಳು ಹಿಂದಿನದು. ಮುದ್ರೆ ಒಡೆದಿರಲಿಲ್ಲ. ವಿದ್ಯುತ್ತಿನ ವೈರನ್ನ ಬುಡದಲ್ಲೇ ಕತ್ತರಿಸಿದ್ರು. ಬಿಚ್ಚಿದಾಗ ಒಳಗೆಲ್ಲ ಜಿರಳೆ ಮೊಟ್ಟೆ. ಡಿಸ್ಕು ಮಾತ್ರ ತೆಗೆದು ಬೇರೆ ಯಂತ್ರಕ್ಕೆ ಹಾಕಿ ಓದಿದ್ರು. ಹನ್ನೊಂದು ಚೀಲ, ಆರು ಹನ್ನೆರಡು, ಮುಖ್ಯಸ್ಥರ ಕೋಣೆ. ನಮ್ಮ ಲೇಬಲುಗಳಿಗೆ ಅಕ್ಷರಕ್ಕೆ ಅಕ್ಷರ ತಾಳೆ.

ಆ ಗೋಣಿಚೀಲ ಬಿಚ್ಚುವಾಗ ಸಾಕ್ಷಿಗೆ ಇಬ್ಬರು ಹೊರಗಿನವರು ಬೇಕು ಅಂದಿದ್ರು. ಒಬ್ಬ ಆ ಬಡಗಿ. ಇನ್ನೊಬ್ಬಳು ನಾನು. ಜಿರಳೆ ಮೊಟ್ಟೆ ನನ್ನ ಕಾಲ ಮೇಲೇ ಉದುರಿದ್ವು. ಸುಳ್ಳು ಅನ್ನಿಸಿದ್ರೆ ನನ್ನ ಸಹಿ ಆ ಕಾಗದದಲ್ಲಿ ಈಗಲೂ ಇದೆ, ಹೋಗಿ ನೋಡಿಕೊಂಡು ಬನ್ನಿ.